ಹಳದಿ ಗೀಟಿನ ಕುರಿತು ವಾರಂಟಿ ವಿಭಾಗಕ್ಕೆ

ಲಾರಿ ಕಂಪನಿಯ ವಿಸ್ತರಿತ ವಾರಂಟಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಮನೆಯವರು, ತಮ್ಮ ಮೇಜು, ಮೇಜಿನ ಮೇಲಿರುವ ಫೋನು ಎಲ್ಲವೂ ಕ್ಷೇಮವೆಂದು ನಂಬಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಫೋನು ಕ್ಷೇಮವಾಗಿರುವುದಕ್ಕೆ ಬೇರೆ ಯಾರ ಸಾಕ್ಷಿಯೂ ಬೇಡ, ನಾನೇ ಇದ್ದೇನೆ. ಕಳೆದ ಇಪ್ಪತ್ತು ದಿನಗಳಲ್ಲಿ ಅದು ನನ್ನನ್ನು ಹದಿನಾಲ್ಕು ಸಲ ನೆನೆಸಿಕೊಂಡಿದೆ. ನನ್ನ ಒಡಹುಟ್ಟಿದ ಅಣ್ಣ ವರ್ಷಕ್ಕೆರಡು ಸಲ ಫೋನ್ ಮಾಡುವವನು, ಅದರಲ್ಲಿ ಒಂದು ಸಲ ಕೈತಪ್ಪಿ ಬಂದದ್ದಾಗಿರುತ್ತದೆ. ಹೀಗಿರುವಾಗ ರಕ್ತಸಂಬಂಧವೇ ಇಲ್ಲದ ತಾವು ತೋರಿಸುತ್ತಿರುವ ಅಕ್ಕರೆಗೆ ನಾನು ಏನು ಕೊಟ್ಟರೂ ಕಡಿಮೆಯೇ ಎಂದು ತಮ್ಮ ದರಪಟ್ಟಿ ನೋಡಿದ ಮೇಲೆ ಖಾತ್ರಿಯಾಯಿತು.

ತಮ್ಮ ಕಚೇರಿಯಿಂದ ಮಾತಾಡುವ ಹುಡುಗಿಯ ದನಿಯನ್ನು ಎಷ್ಟು ಹೊಗಳಿದರೂ ಸಾಲದು. "ಮೇಡಂ, ನಿಮ್ಮ ವಾಹನದ ಭವಿಷ್ಯದ ಬಗ್ಗೆ ಏನಾದ್ರೂ ಯೋಚ್ನೆ ಮಾಡಿದೀರಾ?" ಎಂದು ಆಕೆ ಕೇಳಿದಾಗ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ನನ್ನ ಭವಿಷ್ಯದ ಬಗ್ಗೆಯೇ ಇದುವರೆಗೆ ಯಾರೂ ಅಷ್ಟು ಮೃದುವಾಗಿ ವಿಚಾರಿಸಿರಲಿಲ್ಲ. ಆಮೇಲೆ ಆಕೆ ಅದೇ ಮೃದು ದನಿಯಲ್ಲಿ, ಮೂರು ವರ್ಷ ತುಂಬಿದ ಲಾರಿಯಲ್ಲಿ ಗೇರ್‌ಬಾಕ್ಸ್ ಹೋಗಬಹುದು, ಪಂಪು ಹೋಗಬಹುದು, ಬ್ರೇಕು ಹಿಡಿಯದೇ ಹೋಗಬಹುದು, ಹೋಗುವುದೆಲ್ಲ ಒಟ್ಟಿಗೇ ಹೋಗಬಹುದು ಎಂದು ವಿವರಿಸಿದಳು. ಮೂರು ವರ್ಷಗಳ ಹಿಂದೆ ಇದೇ ಲಾರಿಯನ್ನು ನಮಗೆ ಮಾರಿದ ತಮ್ಮ ಮಾರಾಟ ವಿಭಾಗದ ಮಹನೀಯರು ಅದರ ಮೂತಿಯನ್ನು ಕರುವಿನ ಮೈ ಸವರಿದ ಹಾಗೆ ಸವರುತ್ತ, "ಅಕ್ಕಾ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರತ್ತೆ, ಬರೆದಿಟ್ಕೊಳ್ಳಿ" ಎಂದಿದ್ದರು. ನಾನು ಬರೆದಿಟ್ಟುಕೊಂಡಿದ್ದೇನೆ. ಇವರಿಬ್ಬರಿಗೂ ಒಂದೇ ಕಂಪನಿ ಸಂಬಳ ಕೊಡುತ್ತದೆಂದ ಮೇಲೆ, ವಾರಕ್ಕೊಮ್ಮೆಯಾದರೂ ಇಬ್ಬರನ್ನೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರಿಸಬೇಕೆಂಬುದು ನನ್ನ ಮೊದಲ ವಿನಂತಿ.

ನಾನು ಯಾರೆಂಬುದನ್ನೂ ಅರಿಕೆ ಮಾಡಿಕೊಳ್ಳಬೇಕು. ಲಾರಿ ನನ್ನ ಹೆಸರಿನಲ್ಲಿದೆ. ಅದನ್ನು ಓಡಿಸುವವರು ನಮ್ಮವರು, ಎಂದರೆ ನನ್ನ ಗಂಡ. ಅದು ಓಡುವಂತೆ ಇಟ್ಟಿರುವವರು ನನ್ನ ಮಾವ, ಎಂದರೆ ಗಂಡನ ತಂದೆ, ಐವತ್ತು ವರ್ಷಗಳಿಂದ ಮೆಕ್ಯಾನಿಕ್. ನಾವು ಸಾಗಿಸುವುದು ಗಾಜು. ಆಳೆತ್ತರದ ಗಾಜಿನ ಹಾಳೆಗಳನ್ನು ಮರದ ಚೌಕಟ್ಟಿಗೆ ಒರಗಿಸಿ, ನಡುವೆ ಹಳೇ ಕಂಬಳಿ ತುರುಕಿ, ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಕಟ್ಟಡಕ್ಕೆ ಮುಟ್ಟಿಸುತ್ತೇವೆ. ಬೇರೆ ಲಾರಿಯವರು ಗುಂಡಿ ಬಂದರೆ ಬೈಯುತ್ತಾರೆ, ನಮ್ಮವರು ಗುಂಡಿ ಬಂದರೆ ಉಸಿರು ಹಿಡಿಯುತ್ತಾರೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ಪಕ್ಕದ ಶೆಡ್ಡಿನಲ್ಲಿ ಲಾರಿಯ ಇಂಜಿನ್ ಚಾಲೂ ಮಾಡಿದ ಕೂಡಲೇ ಮಾವ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ನಿಲ್ಲುತ್ತಾರೆ. ಆ ಎರಡು ನಿಮಿಷ ಮನೆಯಲ್ಲಿ ಯಾರೂ ನಲ್ಲಿ ತಿರುಗಿಸುವಂತಿಲ್ಲ, ಪಾತ್ರೆ ಇಡುವಂತಿಲ್ಲ, ಕೆಮ್ಮು ಬಂದರೆ ಸೆರಗಿನಲ್ಲಿ ಅದುಮಿಕೊಳ್ಳಬೇಕು. ಮದುವೆಯಾಗಿ ಬಂದ ಮಾರನೇ ದಿನ ಪಾತ್ರೆ ತಿಕ್ಕುತ್ತಿದ್ದ ನನ್ನ ಕೈಯನ್ನು ಅತ್ತೆ ಗಪ್ಪನೆ ಹಿಡಿದು ನಿಲ್ಲಿಸಿದಾಗ, ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದೇ ತಿಳಿದು ಕಣ್ಣಲ್ಲಿ ನೀರು ತಂದುಕೊಂಡಿದ್ದೆ. "ಒಡೆಯೋಕ್ ಮುಂಚೆ ಗಾಜು ಕಾಣಿಸಲ್ಲಮ್ಮ, ಕೇಳಿಸತ್ತೆ. ಗಾಜು ಹೊರೋ ಗಾಡೀನೂ ಅಷ್ಟೇ" ಎಂದು ಮಾವ ಅಂದೇ ಹೇಳಿಕೊಟ್ಟರು. ಅತ್ತೆ ಹೋಗಿ ಆರು ವರ್ಷವಾಯಿತು, ಆಗಿನ ಹಳೇ ಲಾರಿ ಹೋಗಿ ಇದು ಬಂತು, ಪದ್ಧತಿ ಹಾಗೇ ಉಳಿದಿದೆ.

ಕೇಳಿದ್ದು ಮುಗಿದ ಮೇಲೆ ಮಾವ ಸ್ಪ್ಯಾನರ್ ಹಿಡಿದು ಲಾರಿಯ ಸುತ್ತ ಬರುತ್ತಾರೆ. ಬಿಗಿದ ಪ್ರತಿ ನಟ್ಟಿನ ಮೇಲೂ ಸಣ್ಣ ಕುಂಚದಿಂದ ಹಳದಿ ಬಣ್ಣದ ಒಂದು ಗೀಟು ಎಳೆಯುತ್ತಾರೆ. ಗೀಟು ನಟ್ಟಿನ ಮೇಲೆ ಹುಟ್ಟಿ ಅದರ ಬುಡದ ಕಬ್ಬಿಣದ ಮೇಲೆ ಮುಗಿಯಬೇಕು, ಆಗ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿದು ಗೊತ್ತಾಗುತ್ತದೆ. ಬಣ್ಣ ನಮ್ಮ ಮನೆಯ ಗೇಟಿಗೆ ಬಳಿದು ಉಳಿದದ್ದು. ದಯವಿಟ್ಟು ಈ ಹಳದಿ ಬಣ್ಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ತಮ್ಮ ಕಂಪನಿಯ ಕೀರ್ತಿಯನ್ನು ಎತ್ತಿ ಹಿಡಿಯಲಿದೆ.

ತಾವು ಕಳಿಸಿದ ವಿಸ್ತರಿತ ವಾರಂಟಿಯ ಪುಸ್ತಿಕೆಯನ್ನು ನಾನು ಮೂರು ಸಲ ಓದಿದೆ. ನಲವತ್ತೆರಡು ಪುಟಗಳು. ಮೊದಲ ಎರಡು ಪುಟಗಳಲ್ಲಿ ತಾವು ಏನೇನು ರಿಪೇರಿ ಮಾಡಿಕೊಡುತ್ತೀರೆಂದು ದೊಡ್ಡ ಅಕ್ಷರಗಳಲ್ಲಿದೆ. ಉಳಿದ ನಲವತ್ತು ಪುಟಗಳಲ್ಲಿ ಅದನ್ನು ಯಾಕೆ ಮಾಡಿಕೊಡಲಾಗುವುದಿಲ್ಲವೆಂದು ಸಣ್ಣ ಅಕ್ಷರಗಳಲ್ಲಿದೆ. ಉಜ್ಜುವ ಭಾಗಗಳು, ತಿರುಗುವ ಭಾಗಗಳು, ಬಿಸಿಯಾಗುವ ಭಾಗಗಳು, ನೀರು, ಧೂಳು, ಬಿಸಿಲು, ರಸ್ತೆ ಇವುಗಳಿಂದ ಸವೆಯುವ ಭಾಗಗಳು ಇದರಲ್ಲಿ ಸೇರಿಲ್ಲ. ಎಲ್ಲ ಕಳೆದು ನೋಡಿದರೆ ಲಾರಿಯ ನೆತ್ತಿಯ ಮೇಲಿರುವ ಕಂಪನಿಯ ಲಾಂಛನವೊಂದು ನಿಶ್ಚಿಂತೆಯಿಂದ ಉಳಿಯುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ನಮ್ಮ ಗಾದೆಯನ್ನು ನಲವತ್ತೆರಡು ಪುಟಗಳಿಗೆ ಹಿಗ್ಗಿಸಿದ ತಮ್ಮ ಬರಹಗಾರರಿಗೆ ನನ್ನ ನಮಸ್ಕಾರ ತಿಳಿಸಬೇಕು.

ಗಾಜಿನಂಗಡಿಯ ಯಜಮಾನರನ್ನು ಸಲಹೆ ಕೇಳಿದೆ. ಅವರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿ, "ತಗೊಂಡ್ರೆ ತಗೊಂಡಿದ್ದಕ್ಕೆ ಬೇಜಾರಾಗತ್ತೆ, ತಗೊಳ್ದಿದ್ರೆ ಕೆಟ್ಟಾಗ ಬೇಜಾರಾಗತ್ತೆ. ಯಾವ್ ಬೇಜಾರು ಕಮ್ಮಿ ಅಂತ ನೀವೇ ನೋಡ್ಕೊಳ್ಳಿ" ಎಂದರು. ಇಷ್ಟು ಸ್ಪಷ್ಟವಾದ ಮಾತು ತಮ್ಮ ಪುಸ್ತಿಕೆಯಲ್ಲಿ ಒಂದೂ ಸಿಗಲಿಲ್ಲ.

ಇಷ್ಟಾದ ಮೇಲೆ ಹದಿನೇಳನೇ ಷರತ್ತು. "ಕಂಪನಿಯ ಅಧಿಕೃತ ತಂತ್ರಜ್ಞರ ಹೊರತು ಅನ್ಯರ ಕೈ ವಾಹನದ ಯಾವುದೇ ಭಾಗಕ್ಕೆ ಸೋಕಿದಲ್ಲಿ ವಾರಂಟಿ ರದ್ದಾಗತಕ್ಕದ್ದು." ಈ ಒಂದು ಸಾಲಿನಲ್ಲಿ ನನ್ನ ಮಾವನಿದ್ದಾರೆ. ಅವರು ಅನ್ಯರು. ವಾರಂಟಿ ತೆಗೆದುಕೊಂಡರೆ ನಾಳೆಯಿಂದ ಅವರು ತಮ್ಮದೇ ಶೆಡ್ಡಿನಲ್ಲಿ ಸ್ವಂತ ಮಗನ ಲಾರಿಯನ್ನು ಮುಟ್ಟುವಂತಿಲ್ಲ. ತೆಗೆದುಕೊಳ್ಳದಿದ್ದರೆ ಅವರೇ ಮುಟ್ಟಬೇಕು. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಯಾಕೆಂದು ಹೇಳುವುದಕ್ಕೆ ನನಗೆ ಸಂಕಟವಾಗುತ್ತದೆ, ಆದರೂ ಹೇಳಬೇಕು.

ಮಾವನ ಬಲಗೈ ನಡುಗುತ್ತಿದೆ. ವರ್ಷದ ಹಿಂದೆ ಮೊದಲ ಸಲ ಕಾಫಿ ಲೋಟ ತಟ್ಟೆಗೆ ತಾಗಿ ಕಿಣಿಕಿಣಿ ಎಂದಾಗ ಅವರೇ, "ಲೋಟ ಸರಿಯಾಗ್ ಕೂತಿಲ್ಲ" ಎಂದರು. ನಾನು ಅಂದಿನಿಂದ ತಟ್ಟೆ ಇಡುವುದನ್ನೇ ಬಿಟ್ಟೆ. ಆಮೇಲೆ ಅಳತೆಗೋಲಿಟ್ಟು ಎಳೆದಂತಿರುತ್ತಿದ್ದ ಅವರ ಹಳದಿ ಗೀಟುಗಳು ಅಂಕುಡೊಂಕಾದವು. ಎರಡು ತಿಂಗಳ ಹಿಂದೆ ನಮ್ಮವರು ನಲವತ್ತು ಹಾಳೆ ಗಾಜು ಹೇರಿಕೊಂಡು ಹೋಗುವಾಗ ಬಲಗಡೆಯ ಹಿಂದಿನ ಚಕ್ರದಲ್ಲಿ ಟಕ್ ಟಕ್ ಎಂದಿತಂತೆ. ಇಳಿದು ನೋಡಿದರೆ ಒಂದು ನಟ್ಟಿನ ಗೀಟು ಮುರಿದಿತ್ತು, ನಟ್ಟು ಬೆರಳಿಗೇ ತಿರುಗಿತು. ಅದನ್ನು ಬಿಗಿಯುವಷ್ಟು ಕಸುವು ಮಾವನ ಮಣಿಕಟ್ಟಿನಲ್ಲಿ ಉಳಿದಿರಲಿಲ್ಲ. ಇನ್ನು ಹತ್ತು ಮೈಲಿ ಹೋಗಿದ್ದರೆ ಚಕ್ರ ಒಂದು ದಾರಿ, ಲಾರಿ ಒಂದು ದಾರಿ, ನಡುವೆ ನಲವತ್ತು ಹಾಳೆ ಗಾಜು ಮತ್ತು ನನ್ನ ಗಂಡ.

ನಮ್ಮವರು ಅಲ್ಲೇ ನಟ್ಟು ಬಿಗಿದು, ಕ್ಯಾಬಿನ್ನಿನಲ್ಲಿ ಇಟ್ಟಿದ್ದ ಡಬ್ಬಿಯ ಬಣ್ಣದಿಂದ ಹೊಸ ಗೀಟು ಎಳೆದು ಬಂದರು. ಸಂಜೆ ಮಾವ ಎಂದಿನಂತೆ, "ಹೇಗಿತ್ತಪ್ಪಾ ಗಾಡಿ?" ಎಂದು ಕೇಳಿದರೆ, ಮಗ "ಬೆಣ್ಣೆ ಹಾಗಿತ್ತು" ಎಂದರು. ನನಗೆ ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಪಿಸುಮಾತಿನಲ್ಲಿ ಹೇಳಿದರು. ಅಂದಿನಿಂದ ಅವರು ದಿನವೂ ಮನೆಯಿಂದ ಹೊರಟು, ತಿರುವು ದಾಟಿದ ಮೇಲೆ ಲಾರಿ ನಿಲ್ಲಿಸಿ, ಅಪ್ಪ ಬಿಗಿದ ನಟ್ಟುಗಳನ್ನೆಲ್ಲ ಸ್ಪ್ಯಾನರ್ ಹಾಕಿ ಕಳ್ಳನಂತೆ ಇನ್ನೊಮ್ಮೆ ಪರೀಕ್ಷಿಸುತ್ತಿದ್ದಾರೆ. ಆದರೆ ಅವರ ವಿದ್ಯೆ ನಟ್ಟಿಗೇ ಮುಗಿಯಿತು. ಬ್ರೇಕು, ಗೇರು ಬಿಚ್ಚಿ ಜೋಡಿಸುವುದು ಅವರಿಗೆ ತಿಳಿಯದು. ಹಾಗಾಗಿ, ಮಾನ್ಯರೇ, ತಮ್ಮ ಹದಿನೈದನೇ ಕರೆ ಬರುವ ಮೊದಲೇ ನಾನಾಗಿ ಕರೆ ಮಾಡಿ, ಪರೀಕ್ಷಕರನ್ನು ಕಳಿಸಿ ಎಂದೆ. ಗಂಡನ ಜೀವಕ್ಕೆ ಹೆದರಿ ಮಾವನ ಬೆನ್ನ ಹಿಂದೆ ಮಾಡಿದ ಕೆಲಸವದು, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಮ್ಮ ಪರೀಕ್ಷಕರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟಾರ್ಚು, ಕೊರಳಲ್ಲಿ ಗುರುತಿನ ಚೀಟಿ. ವಿಮೆಯವರು ಬಂದಿದ್ದಾರೆಂದು ಮಾವನಿಗೆ ಸುಳ್ಳು ಹೇಳಿದ್ದೆ. ಅವರು ಶೆಡ್ಡಿನ ಮೂಲೆಯಲ್ಲಿ ಮಗುಚಿದ ಎಣ್ಣೆ ಡ್ರಮ್ಮಿನ ಮೇಲೆ ಕೂತಿದ್ದರು. ತಮ್ಮವರು ಲಾರಿಯ ಅಡಿಗೆ ಟಾರ್ಚು ಬಿಟ್ಟವರೇ ಭಕ್ತಿಯಿಂದ ಮಂಡಿಯೂರಿದರು. "ನೋಡಿ ಮೇಡಂ, ಇದು ನಮ್ ಫ್ಯಾಕ್ಟರಿ ಕ್ವಾಲಿಟಿ. ಒಂದೊಂದು ನಟ್ಟನ್ನೂ ಚೆಕ್ ಮಾಡಿ ಹಳದಿ ಗುರುತು ಹಾಕಿರ್ತಾರೆ. ಮೂರು ವರ್ಷ ಆದ್ರೂ ಬಣ್ಣ ನಿನ್ನೆ ಬಳ್ದಂಗಿದೆ!" ಎಂದರು. ಅವರ ಅಂದಾಜು ಒಂದೇ ದಿನ ತಪ್ಪಿತ್ತು, ಬಳಿದದ್ದು ಮೊನ್ನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು, "ಗೀಟು ಸ್ವಲ್ಪ ಡೊಂಕಿದೆ ನೋಡಿ, ಅದೇ ಸಾಕ್ಷಿ. ಮೆಷಿನ್ ಹಾಕಿದ್ರೆ ನೆಟ್ಟಗಿರ್ತಿತ್ತು, ಇದು ಮನುಷ್ಯನ ಕೈ" ಎಂದರು. ನಾನು ನೆಲ ನೋಡಿದೆ. ಮಾವನೂ ನೆಲ ನೋಡುತ್ತಿದ್ದರು.

ಮಾವ ಡ್ರಮ್ಮಿನ ಮೇಲಿಂದಲೇ, "ಆ ಗುರುತು ಹಾಕೋರು ಯಾರಪ್ಪಾ?" ಎಂದು ಕೇಳಿದರು. "ತುಂಬಾ ಅನುಭವಸ್ಥರು ಅಜ್ಜಾ. ನಮ್ ಫ್ಯಾಕ್ಟರೀಲಿ ಎಲ್ರನ್ನೂ ಆ ಕೆಲಸಕ್ಕೆ ಬಿಡಲ್ಲ" ಎಂದು ತಮ್ಮವರು ಹೆಮ್ಮೆಯಿಂದ ಹೇಳಿ, ತರಬೇತಿಗೆ ತೋರಿಸಲು ಬೇಕೆಂದು ಹನ್ನೊಂದು ಫೋಟೋ ತೆಗೆದುಕೊಂಡು, ವರದಿಗೆ ಸಹಿ ಹಾಕಿ, ಅದರ ಒಂದು ಪ್ರತಿಯನ್ನು ನನಗೆ ಕೊಟ್ಟರು. ಐವತ್ತು ವರ್ಷದ ದುಡಿಮೆಯಲ್ಲಿ ಕಂಪನಿಯವರೊಬ್ಬರು ಮಾವನ ಕೆಲಸವನ್ನು ಮೆಚ್ಚಿದ್ದು ಅದೇ ಮೊದಲು. ಅವರು ಒಳಗೆ ಬಂದು ಇನ್ನೊಂದು ಲೋಟ ಕಾಫಿ ಕೇಳಿದರು.

ತಮ್ಮವರು ಹೋಗುವಾಗ ಪುಸ್ತಿಕೆಯ ಇನ್ನೊಂದು ಪ್ರತಿಯನ್ನು ಸೀಟಿನ ಮೇಲೆ ಬಿಟ್ಟಿದ್ದರು. ಮಾವ ಅದನ್ನು ಎತ್ತಿಕೊಂಡು, ಇಂಜಿನ್ನಿನ ಸಣ್ಣ ತೂತುಗಳನ್ನು ನೋಡುವ ಭೂತಗನ್ನಡಿ ಹಿಡಿದು ಮೂರು ದಿನ ಓದಿದರಂತೆ. ನಲವತ್ತೆರಡು ಪುಟವನ್ನೂ ಪೂರ್ತಿ ಓದಿದ ಗ್ರಾಹಕರ ಪಟ್ಟಿಯಿದ್ದರೆ ಅದರಲ್ಲಿ ಎರಡನೇ ಹೆಸರು ಅವರದು. ನಾಲ್ಕನೇ ದಿನ ಮೂವರೂ ಊಟಕ್ಕೆ ಕೂತಾಗ, "ವಾರಂಟಿ ತಗೋಮ್ಮ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು, "ಯಾವ ವಾರಂಟಿ ಮಾವ? ನೀವಿರುವಾಗ ನಮಗ್ಯಾಕೆ ಅದೆಲ್ಲ?" ಎಂದೆ. "ನಾನಿರೋದಕ್ಕೇ ಬೇಕು" ಎಂದರು. ಮಗನ ಕಡೆ ತಿರುಗಿ, "ಬಲಗಡೆ ಹಿಂದಿನ ಚಕ್ರ. ನನ್ನ ಗೀಟೆಲ್ಲ ಈಗ ಡೊಂಕು ಕಣಪ್ಪಾ. ಅದೊಂದು ನೆಟ್ಟಗಿತ್ತು" ಎಂದರು.

ನಮ್ಮವರ ಕೈ ತಟ್ಟೆಯಲ್ಲೇ ನಿಂತಿತು. ಎರಡು ತಿಂಗಳು ಮಾವನೂ ಅದನ್ನು ನುಂಗಿಕೊಂಡು, ನಾವು ಸುಳ್ಳು ಹೇಳುವುದಕ್ಕೆ ಅನುಕೂಲವಾಗಲೆಂದು ದಿನವೂ "ಹೇಗಿತ್ತಪ್ಪಾ ಗಾಡಿ?" ಎಂದು ಕೇಳುತ್ತಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಮಾವ ಸ್ವಲ್ಪ ಗದರಿಸಿ, "ಅಳೋದೇನಿದೆ? ಕೈ ಹಳೇದಾಯ್ತು, ಅಷ್ಟೇ. ಆದ್ರೆ ಸುಳ್ಳು ಹೇಳಿ ತಗೋಬೇಡ. ಆ ಬಣ್ಣ ನಮ್ಮನೆ ಗೇಟಿಂದು ಅಂತ ಬರಿ. ಆಮೇಲೂ ಕೊಟ್ರೆ ತಗೋ" ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ಆ ಬಣ್ಣ ನಮ್ಮ ಮನೆಯ ಗೇಟಿನದು. ಲಾರಿ ಮನೆಗೆ ಬಂದ ಮೊದಲ ದಿನವೇ, ಸೀಟಿನ ಪ್ಲಾಸ್ಟಿಕ್ ತೆಗೆಯುವ ಮೊದಲೇ, ಮಾವ ಹನ್ನೊಂದು ನಟ್ಟುಗಳು ಸಡಿಲವಿರುವುದನ್ನು ಕೇಳಿಸಿಕೊಂಡು ಬಿಗಿದರು. ಮೊದಲ ವಾರಂಟಿಯಲ್ಲೂ ಇದ್ದ ಅದೇ ಹದಿನೇಳನೇ ಷರತ್ತನ್ನು ನಾವು ಅಂದೇ ಮುರಿದು, ಮೂರು ವರ್ಷವೂ ದಿನಕ್ಕೊಂದು ಸಲ ಮುರಿಯುತ್ತ ಬಂದಿದ್ದೇವೆ. ಒಮ್ಮೆಯೂ ದೂರು ಕೊಡದ ಗ್ರಾಹಕರೆಂದು ತಾವು ಕಳೆದ ವರ್ಷ ಕಳಿಸಿದ ಪ್ರಶಸ್ತಿ ಪತ್ರವನ್ನು ಚೌಕಟ್ಟು ಹಾಕಿಸಿ ಗ್ರೀಸ್ ಡಬ್ಬಿಯ ಮೇಲೆ ತೂಗುಹಾಕಿದ್ದೇವೆ. ಅದು ನಿಜವಾಗಿ ಯಾರಿಗೆ ಸೇರಬೇಕಿತ್ತೋ ಅವರ ಕಣ್ಣೆದುರಿಗೇ ಇದೆ.

ಇದನ್ನು ಓದಿ ತಾವು ನನ್ನ ಅರ್ಜಿಯನ್ನು ತಳ್ಳಿಹಾಕಬಹುದು. ಹಾಗೆ ಮಾಡುವ ಮುನ್ನ, ಈ ಗೀಟುಗಳು ತಮ್ಮ ಕಾರ್ಖಾನೆಯ ಅತ್ಯುತ್ತಮ ಕೆಲಸವೆಂದು ತಮ್ಮವರೇ ಸಹಿ ಹಾಕಿ ಕೊಟ್ಟ ವರದಿಯ ಮೇಲೆ ಒಮ್ಮೆ ಕಣ್ಣಾಡಿಸಬೇಕೆಂದು ಕೋರುತ್ತೇನೆ. ಅದರ ಪ್ರತಿಯನ್ನೂ ಈ ಪತ್ರದ ಪ್ರತಿಯನ್ನೂ ಗಾಜಿನಂಗಡಿಯ ಯಜಮಾನರು ತಮ್ಮ ಅಂಗಡಿಯ ಅತಿ ದೊಡ್ಡ ಗಾಜಿಗೆ, ಬೀದಿಗೆ ಮುಖ ಮಾಡಿ ಅಂಟಿಸಲಿದ್ದಾರೆ. ಅರ್ಜಿ ಒಪ್ಪುವುದಾದರೆ ನನ್ನ ಸಣ್ಣಪುಟ್ಟ ಬೇಡಿಕೆಗಳಿವೆ. ತುಂಬ ಅನುಭವಸ್ಥರೆಂದು ತಾವೇ ಒಪ್ಪಿದ ಆ ನೌಕರರಿಗೆ ಒಂದು ಗುರುತಿನ ಚೀಟಿ ಮಾಡಿಸಿಕೊಡಬೇಕು. ಲಾರಿಗೆ ವಿಸ್ತರಿಸುವ ವಾರಂಟಿಯಲ್ಲಿ ಮಿಕ್ಕಿದ್ದನ್ನು ಒಂದು ಬಲಗೈಗೆ ವಿಸ್ತರಿಸಬೇಕು. ಒಬ್ಬರೇ ಬಳಸಿದ್ದು, ದಿನವೂ ಬಳಸಿದ್ದು, ಬೇಡದ ಕೆಲಸಕ್ಕೆ ಎಂದೂ ಬಳಸಿದ್ದಲ್ಲ. ಉಜ್ಜುವ, ತಿರುಗುವ, ಬಿಸಿಯಾಗುವ ಭಾಗವಾದ್ದರಿಂದ ಪುಸ್ತಿಕೆಯಲ್ಲಿ ಸೇರುವುದಿಲ್ಲವೆಂದು ಬಲ್ಲೆ, ಆದರೂ ಕೇಳುತ್ತಿದ್ದೇನೆ. ಮತ್ತು ತಮ್ಮ ಕಾರ್ಯಾಗಾರದಲ್ಲಿ ದಿನಕ್ಕೆ ಎರಡು ನಿಮಿಷ ನಲ್ಲಿ, ರೇಡಿಯೋ, ನಗು, ಫೋನು ಎಲ್ಲ ನಿಲ್ಲಿಸಿ ಯಾರಾದರೊಬ್ಬರು ಲಾರಿಯ ಮಾತನ್ನು ಕೇಳಬೇಕು.

ಭರ್ತಿ ಮಾಡಿದ ಅರ್ಜಿಯನ್ನು ಲಗತ್ತಿಸಿದ್ದೇನೆ. ಒಪ್ಪಂದಕ್ಕೆ ಮುನ್ನ ತಮ್ಮಲ್ಲಿ ಕಡ್ಡಾಯವಾಗಿ ಮಾಡಿಸಬೇಕಾದ ಸರ್ವಿಸಿಗೆ ಲಾರಿಯನ್ನು ನಿನ್ನೆಯೇ ಬಿಟ್ಟಿದ್ದೇವೆ. ಮಾವ ಸ್ಪ್ಯಾನರುಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮೇಲೆ ಇಟ್ಟಿದ್ದಾರೆ. ಇಂದು ಬೆಳಿಗ್ಗೆ ಆರೂವರೆಗೆ ಲಾರಿಯಿಲ್ಲದ ಶೆಡ್ಡಿನಲ್ಲಿ ಅವರು ಸುಮ್ಮನೆ ನಿಂತಿದ್ದರು, ನಾನೂ ಸುಮ್ಮನೆ ನಲ್ಲಿ ನಿಲ್ಲಿಸಿದೆ.

ಮೂರು ವರ್ಷ ತಮ್ಮ ಷರತ್ತನ್ನು ಮುರಿದರೂ ತಮ್ಮ ಲಾರಿಯನ್ನು ಮುರಿಯಲು ಬಿಡದ,
ತಮ್ಮ ವಿಶ್ವಾಸಿ,
ಲಾರಿಯ ಒಡತಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಲಾರಿ ತಮ್ಮ ಕಾರ್ಯಾಗಾರದಿಂದ ತೊಳೆದು ಹೊಳೆಯುತ್ತ ಮನೆಗೆ ಬಂತು. ಶೆಡ್ಡಿಗೆ ನುಗ್ಗಿಸುತ್ತಿರುವಾಗಲೇ ಮಾವ ಎದ್ದು ಬಂದರು. ನಾನು ಒಲೆ ಆರಿಸಿ ನಲ್ಲಿ ನಿಲ್ಲಿಸಿದೆ. ಅವರು ಷರತ್ತಿನ ಪ್ರಕಾರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನಡುಗುವ ಕೈಯನ್ನು ನಡುಗದ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಮಗನಿಗೆ ಲಾರಿಯನ್ನು ಹತ್ತಡಿ ಹಿಂದೆ ಮುಂದೆ ಮಾಡಿಸಿ, ಒಂದು ಮೊಳ ದೂರದಿಂದ ಸುತ್ತು ಹಾಕಿ, "ಎಡಗಡೆ ಹಿಂದೆ, ಒಳಗಿನ ಚಕ್ರ. ಎರಡು ನಟ್ಟು. ಕಂಪನಿಯೋರಿಗೇ ವಾಪಸ್ ಕಳ್ಸು, ನಾವ್ ಮುಟ್ಟೋ ಹಾಗಿಲ್ಲ" ಎಂದರು. ಕಳಿಸಿದೆವು. ಸಡಿಲವಿದ್ದದ್ದು ಎರಡೇ, ಅವೇ ಎರಡು. ನಾವು ಯಾವ ಯಂತ್ರದಿಂದ ಪರೀಕ್ಷಿಸಿದೆವೆಂದು ತಮ್ಮವರು ಬಹಳ ವಿನಯದಿಂದ ಕೇಳಿದರು. ಹದಿನೇಳನೇ ಷರತ್ತಿನಲ್ಲಿ ಅನ್ಯರ ಕೈ ಎಂದಷ್ಟೇ ಇದೆ, ಕಿವಿಯ ಸುದ್ದಿ ನಲವತ್ತೆರಡು ಪುಟಗಳಲ್ಲಿ ಎಲ್ಲಿಯೂ ಇಲ್ಲವೆಂದು ಮಾವ ಭೂತಗನ್ನಡಿ ಹಿಡಿದು ಖಚಿತಪಡಿಸಿಕೊಂಡಿದ್ದಾರೆ. ನಾಳೆ ಆರೂವರೆಯಿಂದ ಅವರು ಮತ್ತೆ ಕೆಲಸಕ್ಕೆ ಹಾಜರಾಗುತ್ತಾರೆ. ಆ ಎರಡು ನಿಮಿಷ ತಾವು ಫೋನ್ ಮಾಡಬಾರದು.